ಶ್ರೀಶೈಲ ಪಾದಯಾತ್ರೆ: ಮಜ್ಜಿಗೆ ಕೊಟ್ರಿ, ಕುಡಿದ ಮೇಲೆ ಎಲ್ಲಿ ಹೋಗೋಣ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಯುಗಾದಿ ಹತ್ರ ಬಂತು ಅಂದ್ರೆ ನಿಮ್ಮ ಪೇಪರ್‌ನಲ್ಲೂ ಬೇರೆ ಪೇಪರ್‌ನಲ್ಲೂ ಶ್ರೀಶೈಲಕ್ಕೆ ನಡ್ಕೊಂಡು ಹೋಗೋರ ಫೋಟೋ ತಪ್ಪದೇ ಬರ್ತಾವೆ. ಕಂಬಿ ಹೊತ್ತವರು, ಮರಗಾಲು ಕಟ್ಕೊಂಡು ನಡೆಯೋ ಹುಡುಗರು, ರಸ್ತೆ ಬದಿ ಶಾಮಿಯಾನ ಹಾಕಿ ಶಿರಾ ಉಪ್ಪಿಟ್ಟು ಹಂಚೋರು, ಯಾತ್ರಿಕರ ಕಾಲು ಒತ್ತೋರು. ನೋಡೋಕೆ ಚಂದ ಇರ್ತಾವೆ, ಬರೆಯೋದೂ ಒಳ್ಳೇದೇ, ಬಾಗಲಕೋಟಿ ವಿಜಾಪುರ ಬೆಳಗಾವಿ ರಾಯಚೂರು ಕಡೆಯಿಂದ ಅಷ್ಟೊಂದು ಜನ ಮನೆ ಮಠ ಹೊಲ ಬಿಟ್ಟು ನಡೀತಾರೆ ಅಂದ್ರೆ ಅದು ಸುದ್ದಿನೇ. ಆದ್ರೆ ಒಂದು ವಿಷಯ ಯಾವ ಫೋಟೋದಲ್ಲೂ ಬರಲ್ಲ, ಬರೋ ಹಂಗೂ ಇಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗ್ತದೆ, ಜಾಗ ಇಲ್ಲ ಅಂದ್ರೆ ಕಟ್ ಮಾಡ್ಕೊಳ್ಳಿ, ಟಾಯ್ಲೆಟ್ ಅನ್ನೋ ಶಬ್ದ ಒಂದು ಮಾತ್ರ ಕಟ್ ಮಾಡಬೇಡಿ.

ನಾವು ಇಳಕಲ್ಲದೋರು. ನಾನೂ ನನ್ನ ಗೆಳತೀನೂ ಒಂದೇ ಓಣಿ, ಅವಳು ನನಗಿಂತ ಚಿಕ್ಕೋಳು, ಅಕ್ಕಾ ಅಂತಾಳೆ, ಆದ್ರೆ ದಾರೀಲಿ ಯಜಮಾನಿಕೆ ಎಲ್ಲಾ ಅವಳದೇ. ಈ ಸಲ ಊರಿನ ತಂಡದ ಜೊತೆ ಹೊರಟ್ವಿ. ಇಳಕಲ್ಲದಿಂದ ಲಿಂಗಸುಗೂರು, ರಾಯಚೂರು ಜಿಲ್ಲೆ ದಾಟಿ ಆಂಧ್ರದ ಕರ್ನೂಲು, ಅಲ್ಲಿಂದ ನಂದಿಕೊಟ್ಕೂರು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು. ನಮ್ಮ ಕಡೆ ಶ್ರೀಶೈಲದ ದೇವಿ ಭ್ರಮರಾಂಬೆ ಅಂದ್ರೆ ಮನೆ ಮಗಳು, ಮಲ್ಲಯ್ಯ ಅಂದ್ರೆ ಅಳಿಯ, ಹಬ್ಬಕ್ಕೆ ಮಗಳಿಗೆ ಸೀರೆ ಕುಪ್ಪಸ ಬಳೆ ಅರಿಶಿನ ಕುಂಕುಮ ತಗೊಂಡು ಹೋಗೋದು ಅಂತ ಲೆಕ್ಕ. ಇಷ್ಟು ಯಾಕೆ ಹೇಳ್ದೆ ಅಂದ್ರೆ, ಪಾದಯಾತ್ರೆ ಗಂಡಸರದ್ದು, ಹೆಂಗಸರು ಅವರ ಹಿಂದೆ ಬರೋರು ಅನ್ನೋ ಲೆಕ್ಕದಲ್ಲೇ ಎಲ್ಲಾ ವ್ಯವಸ್ಥೆ ಆಗಿರ್ತದೆ. ಮಗಳ ಮನೆಗೆ ಉಡಿ ತುಂಬೋ ಸಾಮಾನು ಹೊತ್ಕೊಂಡು ಹೋಗೋರು ಯಾರು ಸ್ವಾಮಿ? ತವರಿನ ಹೆಣ್ಮಕ್ಕಳು ತಾನೇ?

ಪೂರ್ತಿ ಯಾತ್ರೆ ಕಥೆ ಬೇಡ, ಒಂದೇ ದಿನದ್ದು ಹೇಳ್ತೀನಿ. ಕರ್ನೂಲಿಂದ ನಂದಿಕೊಟ್ಕೂರಿಗೆ ನಡೆದ ದಿನ. ಮೂವತ್ತು ಕಿಲೋಮೀಟರ್ ಹತ್ತಿರ ಬರ್ತದೆ, ಗುಂಟೂರಿಗೆ ಹೋಗೋ ರಸ್ತೆ, ಲಾರಿ ಬಸ್ಸು ಜೋರು.

ಬೆಳಗಿನ ಜಾವ ಮೂರಕ್ಕೆಲ್ಲ ಎದ್ದು ಹೊರಡೋದು ಪದ್ಧತಿ, ಬಿಸಿಲು ಏರೋದ್ರೊಳಗೆ ಎಷ್ಟು ಸಾಗಿದ್ರೆ ಅಷ್ಟು. ಹತ್ತು ಗಂಟೆಗೆ ಎಲ್ಲಾದ್ರೂ ಮರ ಕಂಡ್ರೆ ಬೀಳೋದು, ಸಂಜೆ ನಾಲ್ಕಕ್ಕೆ ಮತ್ತೆ ಎದ್ದು ರಾತ್ರಿ ಒಂಬತ್ತರ ತನಕ. ಬೆಳಗಿನ ಜಾವದ ನಡಿಗೆ ಸುಖ ನಡಿಗೆ. ತಂಪು ಗಾಳಿ, ಮುಂದೆ ಯಾರೋ ಭಜನಿ ಪದ ಎತ್ತಿರ್ತಾರೆ, ಹಿಂದಿನವರು ಹರ ಹರ ಮಹಾದೇವ ಅಂತಾರೆ, ಕಾಲು ತಾನೇ ಹೋಗ್ತಿರ್ತದೆ. ಕತ್ತಲಿರೋದ್ರಿಂದ ಹೆಣ್ಮಕ್ಕಳಿಗೆ ಇನ್ನೊಂದು ಅನುಕೂಲ ಅದೆ, ಹೇಳೋದು ಬೇಡ. ನಾಲ್ಕು ಜನ ಸೀರೆ ಸೆರಗು ಅಗಲ ಮಾಡಿ ನಿಂತ್ರೆ ಐದನೇಯವಳ ಕೆಲಸ ಆಗ್ತದೆ, ಮೊಬೈಲ್ ಟಾರ್ಚ್ ಆಫ್. ಲಾರಿ ಹೆಡ್‌ಲೈಟ್ ಬಂದಾಗ ಎಲ್ಲರೂ ಒಟ್ಟಿಗೆ 'ಯವ್ವಾ' ಅಂತ ಎದ್ದು ನಿಲ್ಲೋದು, ನಗೋದು. ಐದೂವರೆಗೆ ಮೂಡಲ ಕೆಂಪಾಗ್ತದಲ್ಲ, ಎಲ್ಲರೂ ಕೈ ಮುಗಿಯೋ ಹೊತ್ತು ಅದು, ನಮ್ಮ ಗುಂಪಿನ ಹೆಂಗಸರಿಗೆ ಮಾತ್ರ ಅಲ್ಲಿಂದಲೇ ಉಪವಾಸ ಶುರು. ಅನ್ನದ್ದಲ್ಲ, ನೀರಿನದ್ದು.

ಆರೂವರೆ ಇರಬಹುದು, ಮೊದಲ ಶಾಮಿಯಾನ ಸಿಕ್ತು. ನಮ್ಮ ಕರ್ನಾಟಕದವರೇ, ಟಂಟಂ ತುಂಬ ಸಾಮಾನು ತಂದು ಅಲ್ಲೇ ಒಲೆ ಹೂಡಿದ್ರು. ಬಿಸಿ ಉಪ್ಪಿಟ್ಟು, ಚಹಾ. ಅಲ್ಲಿಂದ ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಶಾಮಿಯಾನ, ಶಿರಾ. ಅದರ ಎದುರಿಗೇ ಇನ್ನೊಬ್ಬರು ಮಂಡಕ್ಕಿ ಮಿರ್ಚಿ ಇಟ್ಟಿದ್ರು. ಯಾರೂ ಸುಮ್ನೆ ಹೋಗೋಕೆ ಬಿಡಲ್ಲ, ರಸ್ತೆಗೆ ಅಡ್ಡ ಬಂದು ಕೈ ಹಿಡಿದು 'ಬರ್ರಿ ಯವ್ವಾ, ನಮ್ಮ ಸೇವಾನೂ ಸ್ವೀಕಾರ ಮಾಡ್ರಿ' ಅಂತಾರೆ, ಕಾಲಿಗೂ ಬೀಳ್ತಾರೆ, ವಯಸ್ಸಾದೋರು ನಮ್ಮ ಕಾಲಿಗೆ ಬಿದ್ರೆ ಹೆಂಗನಿಸಬೇಡ ನಮಗೆ. ಅವರ ಭಕ್ತಿಗೆ ನೂರಕ್ಕೆ ನೂರು ಮಾರ್ಕ್ಸ್, ನನ್ನ ತಕರಾರು ಅದರ ಮೇಲಲ್ಲ. ಸ್ವಂತ ಖರ್ಚಲ್ಲಿ, ರಜಾ ಹಾಕಿ, ನಿದ್ದೆಗೆಟ್ಟು ಮಾಡ್ತಾರೆ. ಎಂಟು ಗಂಟೆ ಹೊತ್ತಿಗೆ ಮಜ್ಜಿಗೆ, ಲಿಂಬು ಶರಬತ್ತು, ಕಲ್ಲಂಗಡಿ ಹೋಳು, ಎಳೆನೀರು, ಓಆರ್‌ಎಸ್ ಪಾಕೀಟು, ಹತ್ತು ಹೆಜ್ಜೆಗೊಬ್ಬರು ಗ್ಲಾಸ್ ಚಾಚ್ತಿದ್ರು. ಗಂಡಸರು ಗಟಗಟ ಕುಡಿದು ಮುಂದೆ ಹೋಗಿ ರಸ್ತೆ ಕಡೆ ಬೆನ್ನು ಮಾಡಿ ನಿಂತ್ರೆ ಮುಗೀತು, ಇಡೀ ರಾಯಲಸೀಮಾ ಅವರದ್ದೇ.

ನನ್ನ ಗೆಳತಿ ಒಂದು ಗ್ಲಾಸ್ ಮಜ್ಜಿಗೆ ತಗೊಂಡ್ಲು, ಎರಡು ಗುಟುಕು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳಿದ್ಲು. ಉಳಿದದ್ದು ಕರವಸ್ತ್ರಕ್ಕೆ ಹಾಕಿ ನೆತ್ತಿ ಮೇಲೆ ಇಟ್ಕೊಂಡ್ಲು. ಕೊಟ್ಟ ಹುಡುಗನ ಮುಖ ಸಣ್ಣಾಯ್ತು, ಮಜ್ಜಿಗೆ ಹುಳಿಯಾಗೇತೇನ್ರಿ ಅಕ್ಕಾರ ಅಂತ ಕೇಳ್ದ. ಇವಳು ಎಂಥೋಳು ಅಂದ್ರೆ ಮುಚ್ಚುಮರೆ ಇಲ್ಲ.

'ಹುಳಿ ಆಗಿಲ್ಲೋ ತಮ್ಮಾ, ಛಲೋ ಐತಿ. ಕುಡದ್ರ ಎಲ್ಲಿ ಹೋಗೂದು ಹೇಳು, ಗ್ಲಾಸ್ ಖಾಲಿ ಮಾಡ್ತೀನಿ.'

ಪಾಪ ಆ ಹುಡುಗ ಸುತ್ತ ನೋಡ್ದ. ಕಡ್ಲಿ ಕಿತ್ತ ಎರೆಹೊಲ, ಒಂದು ಗಿಡ ಇಲ್ಲ, ಬದುವಿನ ಮೇಲೂ ಏನಿಲ್ಲ, ಕಣ್ಣು ಹಾಯೋ ತನಕ ಕಪ್ಪು ನೆಲ, ಎಲ್ಲೋ ದೂರ ಒಂದು ಕರೆಂಟ್ ಕಂಬ. 'ನಾವು ಅದನ್ನ ವಿಚಾರ ಮಾಡಿಲ್ರಿ' ಅಂದ. ಸುಳ್ಳು ಹೇಳಲಿಲ್ಲ ನೋಡಿ, ಆ ಹುಡುಗನ ಬಗ್ಗೆ ನನಗೆ ಗೌರವ ಬಂತು. ವಿಚಾರ ಮಾಡಿಲ್ಲ, ಅಷ್ಟೇ ವಿಷಯ. ಯಾರಿಗೂ ಕೆಟ್ಟ ಬುದ್ಧಿ ಇಲ್ಲ, ದುಡ್ಡಿಗೆ ಕೊರತೆ ಇಲ್ಲ, ಸೇವೆ ಮಾಡೋ ಕೈಗೂ ಕೊರತೆ ಇಲ್ಲ, ಆದ್ರೆ ದಾಸೋಹದ ಪ್ಲಾನ್ ಹಾಕೋ ಮೀಟಿಂಗ್‌ನಲ್ಲಿ ಒಬ್ಬ ಹೆಂಗಸೂ ಕೂತಿರಲ್ಲ. ಅವಳ ಕೆಲಸ ಹಿಂದೆ ರೊಟ್ಟಿ ಬಡಿಯೋದು.

ಬಂಕ್‌ಗಳಲ್ಲಿ ಟಾಯ್ಲೆಟ್ ಇರ್ತದಲ್ಲ ಅಂತ ನೀವು ಕೇಳಬಹುದು. ಇರ್ತದೆ. ಆ ದಿನ ದಾರೀಲಿ ಸಿಕ್ಕ ಒಂದರಲ್ಲಿ ಬೀಗ, ಚಾವಿ ಮಾಲೀಕರ ಹತ್ರ ಅಂತ. ಇನ್ನೊಂದರಲ್ಲಿ ತೆಗೆದಿತ್ತು, ಹೊರಗೆ ಹೆಣ್ಮಕ್ಕಳ ಕ್ಯೂ ಡೀಸೆಲ್ ಕ್ಯೂಗಿಂತ ಉದ್ದ, ಒಳಗೆ ನೀರಿಲ್ಲ, ಹೆಚ್ಚಿಗೆ ವರ್ಣನೆ ಬೇಡ. ಹಳ್ಳಿ ಶಾಲೆ ಟಾಯ್ಲೆಟ್ಟಿಗೂ ಬೀಗ. 2014ರಲ್ಲಿ ಸ್ವಚ್ಛ ಭಾರತ ಶುರುವಾಗಿ 2019ಕ್ಕೆಲ್ಲ ದೇಶದ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆ ಆಗೇ ಹೋಯ್ತು, ನಮ್ಮ ರಾಜ್ಯದಲ್ಲೂ ಆ ಕಡೆಯೂ ಊರ ಬಾಗಿಲಲ್ಲಿ ಬೋರ್ಡ್ ಅದಾವೆ. ಬೋರ್ಡಿನ ಹಿಂದೆ ಮರೆ ಸಿಗ್ತದೇನು ಅಂತ ನೋಡಿದ್ವಿ, ಬೋರ್ಡ್ ಸಣ್ಣದು.

ಕೆ.ಸಿ. ಕೆನಾಲ್, ಅಂದ್ರೆ ಕರ್ನೂಲು ಕಡಪಾ ಕಾಲುವೆ, ಸಿಗ್ತದೆ ಆ ಭಾಗದಲ್ಲಿ. ನೀರು ಇತ್ತು. ಗಂಡಸರು ಚಡ್ಡಿ ಮೇಲೆ ಇಳಿದು ದನ ಕೆರೆಗೆ ಬಿದ್ದಂಗೆ ಬಿದ್ರು, ಹೊರಗೆ ಬರೋಕೇ ತಯಾರಿಲ್ಲ. ನಾವು ದಂಡೆ ಮೇಲೆ ಕೂತು ಕಾಲು ಅಷ್ಟೇ ಇಳಿಬಿಟ್ವಿ. ಗೆಳತಿ ಹಿಮ್ಮಡಿ ಹತ್ರ ದೊಡ್ಡ ಗುಳ್ಳೆ ಎದ್ದಿತ್ತು, ಅದಕ್ಕೆ ಹಳಬರ ಮದ್ದು ಅಂದ್ರೆ ಸೂಜಿಗೆ ದಾರ ಪೋಣಿಸಿ ಗುಳ್ಳೆ ಈ ಕಡೆ ಚುಚ್ಚಿ ಆ ಕಡೆ ತೆಗೆಯೋದು, ದಾರ ಒಳಗೇ ಬಿಟ್ಟು ಎರಡೂ ತುದಿ ಕತ್ತರಿಸೋದು, ನೀರು ದಾರ ಹಿಡ್ಕೊಂಡು ತಾನೇ ಇಳೀತದೆ, ಚರ್ಮ ಹರಿಯಲ್ಲ. ಡಾಕ್ಟ್ರು ಹಂಗೆ ಮಾಡಬೇಡಿ, ಸೋಂಕು ಆಗ್ತದೆ ಅಂತಾರೆ, ಅವರು ಹೇಳೋದು ಸರಿನೇ ಇರಬೇಕು. ಅವಳು ಮಾತ್ರ ಮಗ್ಗದ ಮನೆಯೋಳು, ಬ್ಲೌಸ್ ಪಿನ್ನಿನ ಪಕ್ಕ ಸೂಜಿ, ಸೂಜಿಗೆ ಸುತ್ತಿದ ಕೆಂಪು ರೇಷ್ಮೆ ಎಳೆ, ಸದಾ ರೆಡಿ. ಇಳಕಲ್ಲ ಸೆರಗಿಗೆ ಹಾಕೋ ಎಳೆ ಹಿಮ್ಮಡಿಗೆ ಹಾಕ್ಕೊಂಡು ಕೂತಿದ್ಲು. ಗುಳ್ಳೆಗೆ ಮುಲಾಮು ಹಚ್ಚೋಕೆ ರಸ್ತೆಯಲ್ಲಿ ಹತ್ತಾರು ಜನ ಸಿಗ್ತಾರೆ, ಮೊಣಕಾಲಿಗೆ ಸ್ಪ್ರೇ ಹೊಡೆಯೋಕೆ ಕಾಲೇಜು ಹುಡುಗರು ಓಡಿ ಬರ್ತಾರೆ. ಕಾಲಿನ ನೋವು ಎಲ್ಲರಿಗೂ ಕಾಣ್ತದೆ.

ಕಾಣದ್ದು ಮಧ್ಯಾಹ್ನ ಶುರುವಾಯ್ತು. ಬಿಸಿಲು ನಲವತ್ತರ ಹತ್ತಿರ, ಕರ್ನೂಲು ಸೀಮೆ ಬಿಸಿಲು ಗೊತ್ತಲ್ಲ. ನಮ್ಮ ಗುಂಪಿನಲ್ಲಿ ವಯಸ್ಸಾದ ಅಮ್ಮ ಒಬ್ಬರು, ಬೇವಿನ ಮರದ ಕೆಳಗೆ ಕೂತೋರು ಏಳಲಿಲ್ಲ. ಕಣ್ಣು ಕತ್ತಲೆ ಬಂದದೆ, ತುಟಿ ಒಣಗಿ ಬಿಳಿ ಆಗಿದೆ. ಬೆಳಗಿಂದ ನೀರೇ ಕುಡಿದಿಲ್ಲ ಅವರು. ಇನ್ನೊಬ್ಬ ಹುಡುಗಿಗೆ ಉರಿಮೂತ್ರ, ಹಿಂದಿನ ದಿನದಿಂದ ಯಾರಿಗೂ ಹೇಳಿಲ್ಲ, ಅಳೋಕೆ ಶುರು ಮಾಡಿದಾಗ ಗೊತ್ತಾಯ್ತು. ಅವಳನ್ನ ಟಂಟಂದಲ್ಲಿ ಕೂರಿಸಿ ಕಳಿಸಿದ್ರು, ಗಂಡಸರು 'ಬಿಸಿಲಿಗೆ ಹಂಗಾಗೇತಿ' ಅಂತ ಮಾತಾಡ್ಕೊಂಡ್ರು. ಬಿಸಿಲಿಗಲ್ಲ ಕಣ್ರೀ ಅದು. ಸುತ್ತ ಮಜ್ಜಿಗೆ ಡ್ರಮ್ಮುಗಳ ಮಧ್ಯೆ ಕೂತು ನೀರಡಿಸಿ ಬಿದ್ದದ್ದು. ಹೊತ್ತಿಗೆ ಸರಿಯಾಗಿ ನೀರು ಕುಡಿಯದೇ, ಕುಡಿದದ್ದನ್ನ ತಾಸುಗಟ್ಟಲೆ ಹಿಡ್ಕೊಂಡ್ರೆ ಉರಿಮೂತ್ರ ಬರ್ತದೆ, ಇದು ಹಳ್ಳಿಯ ಆಶಾ ಕಾರ್ಯಕರ್ತೆನೂ ಹೇಳ್ತಾಳೆ.

ಮುಟ್ಟಿನ ವಿಷಯ ಇನ್ನೊಂದು. ಪೇಪರ್‌ನಲ್ಲಿ ಹಾಕ್ತೀರೋ ಇಲ್ವೋ ನಿಮಗೆ ಬಿಟ್ಟದ್ದು. ಯಾತ್ರೆ ಹೊರಡೋ ಮುಂಚೆ ಮೆಡಿಕಲ್ ಶಾಪ್‌ಗೆ ಹೋಗಿ ಮುಂದಕ್ಕೆ ಹಾಕೋ ಗುಳಿಗೆ ತಗೊಂಡು ಬರೋರು ಬಹಳ, ಡಾಕ್ಟರ್ ಚೀಟಿನೂ ಇರಲ್ಲ ಏನೂ ಇರಲ್ಲ, ಅಕ್ಕಪಕ್ಕದವರು ಹೇಳಿದಷ್ಟು ನುಂಗೋದು. ಮಡಿ ಮೈಲಿಗೆ ಕಾರಣ ಕೆಲವರಿಗೆ. ನಾವು ಬಸವಣ್ಣನವರ ಹೆಸರು ಹೇಳೋರು, ಶರಣರು ಐದು ಸೂತಕದಲ್ಲಿ ಇದನ್ನೂ ಸೇರಿಸಿ ತಳ್ಳಿ ಹಾಕಿ ಎಂಟುನೂರು ವರ್ಷದ ಮೇಲಾಯ್ತು, ಇರಲಿ, ಆ ಜಗಳ ಬೇರೆ. ಆದ್ರೆ ಮೈಲಿಗೆ ನಂಬದೇ ಇರೋ ನನ್ನ ಗೆಳತಿಯಂಥೋಳೂ ಗುಳಿಗೆ ನುಂಗ್ತಾಳೆ, ಯಾಕೆ ಅಂದ್ರೆ ಬಟ್ಟೆ ಬದಲಿಸೋಕೆ ಜಾಗ ಇಲ್ಲ, ತೊಳೆಯೋಕೆ ನೀರಿಲ್ಲ, ಪ್ಯಾಡ್ ಎಸೆಯೋಕೆ ಒಂದು ಡಬ್ಬಿ ಇಲ್ಲ. ಬಾಳೆಹಣ್ಣಿನ ಸಿಪ್ಪೆಗೆ ಡಬ್ಬಿ ಇಟ್ಟಿರ್ತಾರೆ.

ಸಂಜೆ ನಾಲ್ಕೂವರೆ ಆಗಿತ್ತು, ಮತ್ತೆ ನಡಿಗೆ. ನಂದಿಕೊಟ್ಕೂರು ಇನ್ನೂ ದೂರ ಇತ್ತು, ಒಂದು ಸಣ್ಣ ಊರು ಬಂತು, ಊರು ಅಂದ್ರೆ ರಸ್ತೆ ಬದಿ ನಾಲ್ಕು ಮನೆ. ಅಲ್ಲಿ ಒಂದು ಮನೆ ಹಿತ್ತಿಲ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ರು. ಏನು ಹಂಚ್ತಿದಾರೆ ಅಂತ ನಾವೂ ಹೋದ್ವಿ. ಏನೂ ಹಂಚ್ತಿರಲಿಲ್ಲ. ಮನೆ ಗೋಡೆಗೆ ಹೊಂದಿಸಿ ನಾಲ್ಕು ಬಿದಿರು ಗಳ ನೆಟ್ಟು ಸುತ್ತ ಹಳೇ ಸೀರೆ ಕಟ್ಟಿದ್ರು, ಎರಡು ಭಾಗ ಮಾಡಿದ್ರು, ಒಂದರಲ್ಲಿ ಗುಂಡಿ ತೋಡಿ ಮೇಲೆ ಎರಡು ಕಲ್ಲು ಚಪ್ಪಡಿ, ಇನ್ನೊಂದರಲ್ಲಿ ಬರೀ ಒಂದು ಮಣೆ ಮತ್ತು ಬಕೆಟ್, ಬಟ್ಟೆ ಬದಲಿಸೋರಿಗೆ. ಪಕ್ಕದಲ್ಲಿ ಪ್ಲಾಸ್ಟಿಕ್ ಡ್ರಮ್ ತುಂಬ ನೀರು, ಒಂದು ಚೆಂಬು, ಒಂದು ಬುಟ್ಟಿ ಒಲೆ ಬೂದಿ, ಹೋಗಿ ಬಂದೋರು ಒಂದು ಹಿಡಿ ಬೂದಿ ಹಾಕಬೇಕು. ಮೂಲೆಯಲ್ಲಿ ಹಳೇ ಎಣ್ಣೆ ಡಬ್ಬಿ, ಮುಚ್ಚಳ ಸಮೇತ, ಅದು ಯಾತಕ್ಕೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲಲ್ಲಿ ಅಜ್ಜಿ ಒಬ್ಬಳು ಕೋಲು ಹಿಡಿದು ಕೂತಿದ್ಲು, ಅವಳಿಗೆ ಕನ್ನಡ ಬರಲ್ಲ, ನಮಗೆ ತೆಲುಗು ಅಷ್ಟಕ್ಕಷ್ಟೇ. 'ರಾ ತಲ್ಲಿ, ರಾ' ಅಂತ ಒಬ್ಬೊಬ್ಬರನ್ನೇ ಒಳಗೆ ಬಿಡೋದು, ಆ ಕಡೆ ಯಾವನಾದ್ರೂ ಗಂಡಸು ಮೊಬೈಲ್ ಹಿಡ್ಕೊಂಡು ಸುಮ್ನೆ ನಿಂತ್ರೂ ಕೋಲು ಎತ್ತೋದು.

ಗೆಳತಿ ಹೊರಗೆ ಬಂದು ಆ ಅಜ್ಜಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಲು. ಆಮೇಲೆ ಪಕ್ಕದ ಶಾಮಿಯಾನಕ್ಕೆ ಹೋಗಿ ನಾಲ್ಕು ಗ್ಲಾಸ್ ಮಜ್ಜಿಗೆ ಕುಡಿದ್ಲು, ನಿಂತಲ್ಲೇ, ಒಂದರ ಮೇಲೊಂದು. ನಾನೂ ಕಡಿಮೆ ಕುಡಿಯಲಿಲ್ಲ. ಅಲ್ಲಿಂದ ನಂದಿಕೊಟ್ಕೂರು ತನಕ ನಾವು ನಡೆದ ಸ್ಪೀಡ್‌ಗೆ ನಮ್ಮ ತಂಡದ ಗಂಡಸರು ಹಿಂದೆ ಬಿದ್ರು.

ದಾರೀಲಿ ಅವಳು ಹೇಳಿದ ಮಾತು ಒಂದು ಬರೀಲೇಬೇಕು. 'ಅಕ್ಕಾ, ಅಕ್ಕಮಹಾದೇವಿ ಒಬ್ಬಾಕೀನ ಶ್ರೀಶೈಲಕ್ಕ ಹೋದಳು ಅಂತ ದೊಡ್ಡ ಮಾತು ಹೇಳ್ತಾರ. ಆಗ ಉಡುತಡಿಯಿಂದನೂ ಕಾಡ ಇತ್ತು ಬೇ. ನಮಗ ಕಾಡು ಸಿಗೂದು ವೆಂಕಟಾಪುರದ ಮುಂದ.' ನಕ್ಕು ನಕ್ಕು ಸಾಕಾಯ್ತು, ಆದ್ರೆ ಮಾತು ಖರೆ. ಆತ್ಮಕೂರು ದಾಟಿ ವೆಂಕಟಾಪುರದ ಹತ್ರ ನಲ್ಲಮಲ ಕಾಡು ಹೊಕ್ಕರೆ ನಾಗಲೂಟಿ ವೀರಭದ್ರನ ಗುಡಿ, ಪೆದ್ದಚೆರುವು, ಆಮೇಲೆ ಭೀಮುನಿ ಕೊಳನು ಇಳಿದು ಹತ್ತಿ ಕೈಲಾಸದ್ವಾರ, ಅದು ಹುಲಿ ಇರೋ ಕಾಡು, ನಾಗಾರ್ಜುನಸಾಗರ ಶ್ರೀಶೈಲಂ ಹುಲಿ ಅಭಯಾರಣ್ಯ ಅಂದ್ರೆ ದೇಶದಲ್ಲೇ ದೊಡ್ಡದು. ಎಲ್ಲರೂ ಆ ಕಾಡಿಗೆ ಹೆದರ್ತಾರೆ, ನಮ್ಮ ಹೆಂಗಸರು ಮಾತ್ರ ಅಲ್ಲಿ ಹೊಕ್ಕ ಮೇಲೆ ಹೊಟ್ಟೆ ತುಂಬ ನೀರು ಕುಡೀತಾರೆ. ಅಲ್ಲಿ ದೇವಸ್ಥಾನದವರು ಚಪ್ಪರ, ನೀರಿನ ಟ್ಯಾಂಕ್, ಮೆಡಿಕಲ್ ಕ್ಯಾಂಪ್ ಎಲ್ಲಾ ಮಾಡಿರ್ತಾರೆ, ಅದೂ ಹೇಳಬೇಕಾದ್ದೇ. ಸಮಸ್ಯೆ ಇರೋದು ಕಾಡಿಗೆ ಮುಂಚಿನ ಬಯಲು ದಾರೀಲಿ, ನಮ್ಮ ಕಡೆ ಲಿಂಗಸುಗೂರಿಂದ ಹಿಡಿದು ಆ ಕಡೆ ಆತ್ಮಕೂರು ತನಕ. ಅರ್ಧದಷ್ಟು ದಾರಿ ನಮ್ಮ ರಾಜ್ಯದಲ್ಲೇ ಬರ್ತದೆ, ಆಂಧ್ರದವರ ಮೇಲೆ ಹಾಕಿ ಕೈ ತೊಳ್ಕೊಳ್ಳೋಕಾಗಲ್ಲ.

ಇದೇನು ಆಗದ ಕೆಲಸ ಅಲ್ಲ. ಮಹಾರಾಷ್ಟ್ರದ ಪಂಢರಪುರದ ಆಷಾಢ ವಾರಿ, ಅಂದ್ರೆ ಅಲ್ಲಿಯ ಪಾದಯಾತ್ರೆ ನೋಡಿ. ಆಳಂದಿಯಿಂದ ಪಂಢರಪುರಕ್ಕೆ ಇನ್ನೂರೈವತ್ತು ಕಿಲೋಮೀಟರ್ ಹತ್ತಿರ, ಮೂರು ವಾರದ ನಡಿಗೆ, ಲಕ್ಷಾಂತರ ಜನ. ಅಲ್ಲಿ ನಿರ್ಮಲ ವಾರಿ ಅಂತ ಹೆಸರಿಟ್ಟು ಪಾಲಕಿ ತಂಗೋ ಊರುಗಳಲ್ಲಿ ಮೊಬೈಲ್ ಟಾಯ್ಲೆಟ್ ಸಾಲು ನಿಲ್ಲಿಸ್ತಾರೆ, ಸರ್ಕಾರಾನೂ ಕೈ ಹಾಕಿದೆ, ಸ್ವಯಂಸೇವಕರು ಸೀಟಿ ಊದಿ ಜನರನ್ನ ಅತ್ತ ಕಳಿಸ್ತಾರೆ. ಬೆಳಗಾವಿ ವಿಜಾಪುರದ ವಾರಕರಿಗಳು ಅಲ್ಲಿಗೆ ಹೋಗಿ ನೋಡಿ ಬಂದವರು ಬೇಕಾದಷ್ಟಿದ್ದಾರೆ, ಕೇಳಿದ್ರೆ ಹೇಳ್ತಾರೆ. ನಮ್ಮ ಮೂರ್ನಾಲ್ಕು ಜಿಲ್ಲೆಯ ಜಿಲ್ಲಾ ಪಂಚಾಯ್ತಿಗಳು ಆ ಕಡೆಯ ಕರ್ನೂಲು, ನಂದ್ಯಾಲ ಜಿಲ್ಲೆಯವರ ಜೊತೆ ಹಬ್ಬಕ್ಕೆ ಎರಡು ತಿಂಗಳು ಮುಂಚೆ ಒಂದು ಸಲ ಕೂತು ಮಾತಾಡಿದ್ರೆ ಯಾವ ಊರಲ್ಲಿ ಎಷ್ಟು ಅಂತ ಲೆಕ್ಕ ಹಾಕೋದು ಕಷ್ಟ ಏನಿಲ್ಲ, ತಂಡಗಳು ತಂಗೋ ಊರು ಪ್ರತಿ ವರ್ಷ ಅವೇ. ಶಾಲೆ ಟಾಯ್ಲೆಟ್ ಚಾವಿ ಆ ಒಂದು ವಾರ ಊರಿನ ಸ್ವಸಹಾಯ ಸಂಘದ ಹೆಣ್ಮಕ್ಕಳ ಕೈಗೆ ಕೊಡಿ, ತೊಳೆಯೋ ಕೂಲಿ ದಾಸೋಹದ ದುಡ್ಡಲ್ಲಿ ಕೊಡಿ, ಪುಕ್ಕಟೆ ಮಾಡಿಸಬೇಡಿ.

ಸರ್ಕಾರದ ಕಾಗದ ಓಡಾಡೋ ತನಕ ಕಾಯೋದೂ ಬೇಡ. ಶಿರಾ ಉಪ್ಪಿಟ್ಟು ಹಂಚೋ ಕಮಿಟಿಯವರೇ, ನಿಮ್ಮ ಮುಂದಿನ ವರ್ಷದ ಸಾಮಾನಿನ ಚೀಟೀಲಿ ರವಾ ಒಂದು ಚೀಲ ಕಡಿಮೆ ಬರೀರಿ, ಒಂದು ಕಿಲೋಮೀಟರ್‌ನಲ್ಲಿ ಆರು ಕಡೆ ತಿನ್ನೋಕೆ ಯಾರಿಂದಲೂ ಆಗಲ್ಲ, ಅರ್ಧ ತಿಂದು ಎಸೆದ ಪೇಪರ್ ಪ್ಲೇಟ್ ರಸ್ತೆ ತುಂಬ ಬಿದ್ದಿರ್ತಾವೆ. ಶಾಮಿಯಾನದ ಹಿಂದೆ ಐವತ್ತು ಹೆಜ್ಜೆ ದೂರ ಗುಂಡಿ, ಗಳ, ಮರೆ, ಡ್ರಮ್ ನೀರು, ಬೂದಿ, ಮುಚ್ಚಳದ ಡಬ್ಬಿ. ಯಾತ್ರೆ ಮುಗಿದ ಮೇಲೆ ಮಣ್ಣು ಎಳೆದು ಮುಚ್ಚಿ ಹೋಗಬೇಕು, ಹೊಲದವರನ್ನ ಮೊದಲೇ ಕೇಳಬೇಕು. ಕಾವಲಿಗೆ ಹೆಂಗಸರನ್ನೇ ಕೂರಿಸಿ. ಹೊರಗೆ ಕನ್ನಡ ತೆಲುಗು ಎರಡರಲ್ಲೂ ದೊಡ್ಡದಾಗಿ ಬರೀರಿ, ನಾಚಿಕೆ ಮಾಡ್ಕೊಬೇಡಿ.

ಮರೆಗೆ ಬೇಕಾಗೋ ಪರದೆ ಜವಾಬ್ದಾರಿ ನಮ್ಮದು. ಇಳಕಲ್ಲದಲ್ಲಿ ಹಳೇ ಸೀರೆಗೆ ಬರ ಇಲ್ಲ, ಗೆಳತಿ ಮನೇಲಿ ಹೊಲಿಗೆ ಮಷಿನ್ ಅದೆ, ಓಣಿಯ ಹೆಂಗಸರೊಂದಿಗೆ ಮಾತಾಡಿಯೂ ಆಗಿದೆ, ಎರಡೆರಡು ಪದರ ಹಾಕಿ ಮೇಲೆ ಹಗ್ಗ ತೂರಿಸೋ ಹಾಗೆ ಹೊಲಿದು ಕೊಡ್ತೀವಿ. ಈ ಪತ್ರ ಓದಿದ ಯಾವ ಊರಿನ ಕಮಿಟಿಯವರಿಗಾದ್ರೂ ಬೇಕಿದ್ರೆ ನಿಮ್ಮ ಆಫೀಸಿಗೆ ತಿಳಿಸಲಿ, ನೀವು ನಮಗೆ ತಲುಪಿಸಿದ್ರೆ ಸಾಕು, ಸಂಕ್ರಾಂತಿ ಒಳಗೆ ಎಷ್ಟು ಬೇಕು ಅಂತ ಹೇಳಿದ್ರೆ ಹೊಲಿಯೋಕೆ ಟೈಮ್ ಸಿಗ್ತದೆ.

ಇತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಇಳಕಲ್ಲ